ಕರೆಂಟ್ ಗಾಡಿ, ಕಾಡವ್ವನ ಎಡಗೈ

ಕೊಣ್ಣೂರಿನ ಕಾಡವ್ವ ಮುಂಬೈ ನೋಡಿದವಳಲ್ಲ. ಆದರೆ ಅಲ್ಲಿಯ ಕರೆಂಟ್ ಗಾಡಿ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಬೋರಿಬಂದರದಿಂದ ಠಾಣೆಯವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದಳು. ಕಬ್ಬಿನ ರವದಿ ಸುಲಿಯುವಾಗ ಹೇಳುತ್ತಿದ್ದಳು, ಜೋಳ ಬೀಸುವಾಗ ಹೇಳುತ್ತಿದ್ದಳು. ಮಸ್ಜೀದ, ಸ್ಯಾಂಡರೋಡ, ಭಾಯಖಳಾ, ಚಿಂಚಪೋಕಳಿ, ಅವರ ರೋಡ, ಪರಳ, ದಾದರ, ಮಾಟುಂಗಾ, ಶೀವ, ಕುರ್ಲಾ. ಬೀಸುಕಲ್ಲಿನ ಸುತ್ತಿಗೆ ಆ ಹೆಸರುಗಳು ಗಾಣಕ್ಕೆ ಎತ್ತು ಕೂಡಿದ ಹಾಗೆ ಕೂಡುತ್ತಿದ್ದವು.

"ಇದು ಯಾವ ದೇವರ ಪದಾ ಕಾಡವ್ವಾ?" ಎಂದು ಬಾಜೂ ಮನೆಯ ಮಾಯವ್ವ ಗೋಡೆಯಾಚೆಯಿಂದ ಕೇಳಿದರೆ, "ಮಿಂಚಿನ ದೇವರದು" ಎನ್ನುತ್ತಿದ್ದಳು.

"ಚಿಂಚಪೋಕಳಿ ಆದಮ್ಯಾಲ ಅದೇನೋ ಅವರ ರೋಡ ಅಂತಿಯಲ್ಲ, ಯಾರ ರೋಡದು?"

ಆಗ ಕಾಡವ್ವ ಬೀಸುಕಲ್ಲನ್ನು ಇನ್ನೂ ಜೋರಾಗಿ ತಿರುಗಿಸುತ್ತಿದ್ದಳು. ಆ ಸ್ಟೇಶನ್ನಿನ ಹೆಸರು ಕರಿರೋಡ. ಅವಳ ಗಂಡನ ಹೆಸರು ಕರೆಪ್ಪ. ಗಂಡನ ಹೆಸರಿನ ಅರ್ಧ ಸಪ್ಪಳ ನಾಲಿಗೆಯ ಮೇಲೆ ಬಂದರೂ ಅವನ ಆಯುಷ್ಯ ಸವೆಯುತ್ತದೆ ಎಂದು ನಂಬಿದ ಕಾಲ ಅದು. ಕರಿ ಎಮ್ಮೆಗೂ ಅವಳು ಕಪ್ಪೆಮ್ಮಿ ಎನ್ನುತ್ತಿದ್ದಳು, ಕರೆಂಟಿಗೆ ಮಿಂಚು ಎನ್ನುತ್ತಿದ್ದಳು.

ಕಾಡವ್ವನ ತವರು ಮೂಡಲಗಿ. ಕೊಣ್ಣೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಸೀರೆ ಉಡಲು ಬರುತ್ತಿರಲಿಲ್ಲ. ಅತ್ತೆ ತಾಯವ್ವ ಎಳೆ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಸಾಕಿದವಳು. ಮಾತು ಒರಟು, ಕೈ ಇನ್ನೂ ಒರಟು, ಆದರೆ ರೊಟ್ಟಿಯ ಮೇಲಿನ ಬೆಣ್ಣೆ ಸೊಸೆಗೇ ಹಾಕುತ್ತಿದ್ದಳು. ಕಾಡವ್ವನ ಹೊಟ್ಟೆಯಲ್ಲಿ ಹುಟ್ಟಿದ್ದು ಉಳಿಯಲಿಲ್ಲ. ಅದಕ್ಕಾಗಿ ಅತ್ತೆ ಒಂದು ದಿನವೂ ಚುಚ್ಚಲಿಲ್ಲ. ಕರೆಪ್ಪ ಮುಂಬೈಯ ಕುರ್ಲಾದಲ್ಲಿ ಕರೆಂಟ್ ಗಾಡಿಯ ಡಬ್ಬಿ ತೊಳೆಯುವ ಕೆಲಸಕ್ಕೆ ಹೋದ ಮೇಲೆ ಈ ಇಬ್ಬರೇ ಆ ಮನೆಯಲ್ಲಿ ಒಂದು ಒಲೆಯ ಎರಡು ಕಲ್ಲಿನ ಹಾಗೆ ಉಳಿದರು. ಅವನ ಖೋಲಿಯಲ್ಲಿ ಗಂಡಸರೇ ಕಾಲು ಮಡಿಚಿ ಮಲಗುತ್ತಿದ್ದರು, ಹೆಂಡತಿಯನ್ನು ಎಲ್ಲಿ ಕರೆದೊಯ್ದಾನು?

ವರ್ಷಕ್ಕೊಮ್ಮೆ ರಜೆಗೆ ಬಂದಾಗ ಕರೆಪ್ಪ ಮಾಡುತ್ತಿದ್ದ ಮೊದಲ ಕೆಲಸ ಒಂದೇ. ಉಂಡು ಕೈ ತೊಳೆದು ಮೊರದಿಂದ ಹಿಡಿ ಜೋಳ ತೆಗೆದುಕೊಂಡು ಸಾರಿಸಿದ ನೆಲದ ಮೇಲೆ ಸಾಲಾಗಿ ಇಡುವುದು.

"ನೋಡ ಕಾಡೀ, ಈ ಕಾಳ ಬೋರಿಬಂದರ. ಮುಂಜಾನೆ ಇಲ್ಲಿ ಹತ್ತೂದು. ಇದು ದಾದರ. ಇದು ಕುರ್ಲಾ, ಇಲ್ಲಿ ನನ್ನ ಶೆಡ್ಡ. ಇಳ್ಯಾಕ ಬ್ಯಾಡ, ಕಿಡಕಿಯಾಗಿಂದ ತೋರಸ್ತೇನಿ. ಠಾಣೆ ಮುಟ್ಟಿ ಹೊಳ್ಳಿ ಬರೂದು. ಮಧ್ಯಾಹ್ನ ಬಂದರದ ಲೈನ. ಸಂಜೀಕ ಚರ್ಚಗೇಟ ಕಡೆ, ಸಮುದ್ರದ ಬಾಜೂಕ."

"ತಿನ್ನೂ ಕಾಳಿನ ಮ್ಯಾಲ ಗಾಡಿ ಬಿಡಾಕತ್ತಾನ ಮಗಾ" ಎಂದು ತಾಯವ್ವ ಮೂಲೆಯಿಂದ ಗೊಣಗುತ್ತಿದ್ದಳು. ಗೊಣಗುತ್ತಲೇ ಕಾಲು ಚಾಚಿ ಕೇಳುತ್ತಿದ್ದಳು.

ಹತ್ತುವುದು ಹಳೆಯ ಗಾಡಿಯನ್ನೇ ಎಂದು ಕರೆಪ್ಪನ ಹಟ. "ಹೊಸಾವ ಬರಾಕತ್ತಾವ. ಅವು ಬೆಕ್ಕಿನಂಗ ಹೋಗತಾವ. ಹಳೇವಂದ್ರ ಹಂಗಲ್ಲ, ಕುಂತ್ರ ಗುಂಡಿಗಿಯಾಗ ಬೀಸಿದಂಗ ಆಗತೈತಿ. ಆ ಡಬ್ಬಿ ಒಂದೊಂದೂ ನನ್ನ ಕೈಯಾಗ ಮೈ ತೊಳಕೊಂಡಾವ. ಅವು ಇರೂತನ ನಿನ್ನ ಕುಂಡ್ರಸಬೇಕು." ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳುತ್ತಿದ್ದ. "ಅಲ್ಲಿ ಯಾರ ಬಾಜೂಕ ಯಾರ ಕುಂತಾರ ಅಂತ ಯಾರೂ ಕೇಳೂದಿಲ್ಲ, ಕಾಡಿ. ಬೆಂಚಿನ ತುಂಬ ಮಂದಿ, ತೊಡಿಗೆ ತೊಡಿ ಹಚ್ಚಿ."

ಗೋಕಾಕ ಸಂತೆಗೆ ಹೋಗುವ ಚಕ್ಕಡಿಯಲ್ಲಿ ಕಾಡವ್ವನ ಜಾತಿಯವರಿಗೆ ಹಿಂದಿನ ಅಂಚು, ಕಾಲು ಹೊರಗೆ ಇಳಿಬಿಟ್ಟು ಕೂಡಬೇಕು. ಅದಕ್ಕೇ ಅವಳು ಈ ಮಾತನ್ನು ನಂಬಲೂ ಇಲ್ಲ, ಮರೆಯಲೂ ಇಲ್ಲ.

ಅವಳಿಗಿದ್ದ ಹೆದರಿಕೆ ಬೇರೆ. "ಮಿಂಚ ಹೊಡಿಯೂದಿಲ್ಲೇನ್ರಿ?"

"ಅದು ಮ್ಯಾಲಿನ ತಂತ್ಯಾಗ ಇರತೈತಿ. ಕೆಳಗ ನಾವ ಇರತೇವಿ."

"ಕಾಗಿನೂ ಹಂಗ ತಿಳಕೊಂಡಿತ್ತು" ಎನ್ನುತ್ತಿದ್ದಳು ಕಾಡವ್ವ. ಗೋಕಾಕ ಫಾಲ್ಸಿನ ದಾರಿಯಲ್ಲಿ ಒಮ್ಮೆ ಎರಡು ತಂತಿಯ ನಡುವೆ ರೆಕ್ಕೆ ಚಾಚಿದ ಕಾಗೆ ಒಂದು ಕೂಗೂ ಕೂಗದೆ ಅವಳ ಮುಂದೆಯೇ ಬಿದ್ದಿತ್ತು. ಗಂಡ ಗಾಡಿಯ ಮಾತೆತ್ತಿದಾಗಲೆಲ್ಲ ಆ ಕಾಗೆ ಅವಳ ಕಣ್ಣಿಗೆ ಬರುತ್ತಿತ್ತು.

ಹೊರಡುವ ರೀತಿಯೂ ಗೊತ್ತಾಗಿತ್ತು. "ನಾ ಹೇಳಿ ಕಳಿಸಿದ ಕೂಡ್ಲೆ ನಿನ್ನ ತಮ್ಮನ ಕರಕೊಂಡ ಬಿಡು. ಪುಣೇದಾಗ ಗಾಡಿ ಬದಲಿಸು. ಅಲ್ಲಿಂದ ಕರೆಂಟ್ ಇಂಜಿನ್ನ. ಬೋರಿಬಂದರ ಬರೂತನಕ ಯಾರ ಕರದ್ರೂ ಇಳೀಬ್ಯಾಡ. ದೊಡ್ಡ ಗಡ್ಯಾಳದ ಕೆಳಗ ನಾ ನಿಂತಿರತೇನಿ."

ಒಂದು ವರ್ಷ ತಾಯವ್ವನಿಗೆ ಚಳಿಜ್ವರ. ಒಂದು ವರ್ಷ ಕರೆಪ್ಪನಿಗೆ ರಜೆ ಸಿಗಲಿಲ್ಲ. ಆ ದಿನಕ್ಕೆಂದು ಕಾಡವ್ವ ತೆಗೆದಿಟ್ಟ ಹಸಿರು ಪತ್ತಲ ಟ್ರಂಕಿನಲ್ಲೇ ಮಡಿಕೆಗೆ ಮಡಿಕೆ ಅಂಟಿಕೊಂಡು ಕೂತಿತ್ತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿರಬೇಕು, ನಮ್ಮ ಕಡೆ ಇನ್ನೂ ಮುಂಬೈ ಇಲಾಖೆಗೇ ಸೇರಿತ್ತು. ಶಿವರಾತ್ರಿ ಮುಗಿದು ಬಿಸಿಲು ಚುರುಗುಡತೊಡಗಿದ ಒಂದು ಮಧ್ಯಾಹ್ನ, ಕಾಡವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಮೂಡಲಗಿಯಿಂದ ಅವಳ ತಮ್ಮ ಉದ್ದಪ್ಪ ಬಂದ. ಬೆಲ್ಲದ ಚಕ್ಕಡಿ ಹೊಡೆಯುವವನು, ರುಮಾಲಿಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟವನಲ್ಲ. ಆವತ್ತು ಅವನ ತಲೆ ಬರಿದಾಗಿತ್ತು. ರುಮಾಲು ಕೈಯಲ್ಲಿತ್ತು.

ಬರಿದಲೆಯಲ್ಲಿ ಬಂದವನು ಯಾವ ಸುದ್ದಿ ತರುತ್ತಾನೆಂದು ನಮ್ಮ ಕಡೆ ಯಾರೂ ಕೇಳಬೇಕಾಗಿಲ್ಲ. ಆದರೂ ಕಾಡವ್ವನಿಗೆ ಅದು ಹೊಳೆಯಲಿಲ್ಲ.

"ಅಕ್ಕಾ" ಎಂದ ಉದ್ದಪ್ಪ. "ಮಾವ ಹೋದ."

"ಎಲ್ಲಿಗಿ?" ಎಂದಳು ಕಾಡವ್ವ.

ಉದ್ದಪ್ಪ ಬಾಯಿಗೆ ರುಮಾಲು ತುರುಕಿಕೊಂಡ. ಕಾಡವ್ವ ಮತ್ತೊಮ್ಮೆ ಕೇಳಿದಳು. "ಎಲ್ಲಿಗಿ ಹೋದ್ರೋ?"

"ಕರೆಂಟ್ ಗಾಡ್ಯಾಗ ಹೋದನಂತ. ಲಗೂನ ಬರಾಕ ಹೇಳ್ಯಾರ."

ಯಮಕನಮರಡಿಯ ರಾಚಪ್ಪ ಟ್ರಕ್ಕಿಗೆ ಬೆಲ್ಲ ತುಂಬಲು ಮೂಡಲಗಿ ಪ್ಯಾಟೆಗೆ ಬಂದಿದ್ದ. ಅವನು ಉದ್ದಪ್ಪನಿಗೆ ಹೇಳಿದ. ಅವನಿಗೆ ಹೇಳಿದವನು ಹುಕ್ಕೇರಿಯ ಲಕ್ಕಪ್ಪ. ಲಕ್ಕಪ್ಪ ಕರೆಪ್ಪನ ಜತೆಗೇ ಕುರ್ಲಾದ ಖೋಲಿಯಲ್ಲಿ ಇರುವವನು, ರಜೆಗೆ ಊರಿಗೆ ಬಂದವನು. ಇದು ಹಾದಿಬೀದಿಯ ಮಾತಲ್ಲ, ಮೂರು ಕಡೆ ಗಂಟು ಹಾಕಿ ಬಂದ ಮಾತು.

ತಾಯವ್ವ ಒಳಗಿನಿಂದ ಬಂದಳು. ಏನು, ಯಾಕೆ ಎಂದು ಒಂದೂ ಕೇಳಲಿಲ್ಲ. ಉದ್ದಪ್ಪನ ತಲೆ ನೋಡಿದಳು, ಕೈಯಲ್ಲಿದ್ದ ರುಮಾಲು ನೋಡಿದಳು, ಅಲ್ಲೇ ಕುಸಿದಳು. ಆಮೇಲೆ ಅವಳಿಂದ ಹೊರಟ ದನಿಗೆ ಓಣಿಯೇ ಬಂದು ನೆರೆಯಿತು.

ಮುಂದಿನದು ಕಾಡವ್ವನಿಗೆ ಬೇರೆ ಯಾರಿಗೋ ಆಗುತ್ತಿರುವ ಹಾಗೆ ಕಂಡಿತು. ಮೆಣಸಿನಕಾಯಿಯ ಮೇಲೆ ಹೆಂಗಸರು ತುಳಿದಾಡುತ್ತಿದ್ದರು. ಅವುಗಳನ್ನು ತೆಗೆದಿಡಬೇಕು ಎಂದಷ್ಟೇ ಅವಳು ಯೋಚಿಸುತ್ತಿದ್ದಳು. ತಾಯವ್ವ ಎದ್ದು ಬಂದು ಸೊಸೆಯ ಎಡಗೈ ಹಿಡಿದಳು. ಹೆಣ ಈ ಊರಿಗೆ ಬರುವುದಿಲ್ಲ, ಅಷ್ಟು ದೂರದಿಂದ ಯಾರು ತರುತ್ತಾರೆ, ಮಾಡುವುದನ್ನು ಇಲ್ಲೇ ಮಾಡಿ ಮುಗಿಸಬೇಕು ಎಂದು ಯಾರೋ ಹೇಳಿದರು. ತಾಯವ್ವ ಆ ಕೈಯನ್ನು ಕಟ್ಟೆಯ ಕಲ್ಲಿಗೆ ಬಡಿದಳು. ಒಮ್ಮೆ, ಮತ್ತೊಮ್ಮೆ.

ಗಾಜು ಒಡೆದ ಸಪ್ಪಳಕ್ಕೆ ಕಾಡವ್ವನಿಗೆ ಎಚ್ಚರವಾಯಿತು. ಮುಂಗೈಯಲ್ಲಿ ರಕ್ತ. ಕೆಳಗೆ ಹಸಿರು ಬಳೆಯ ಚೂರುಗಳು, ಮೆಣಸಿನಕಾಯಿಯ ಕೆಂಪಿನಲ್ಲಿ ಕಲೆತು ಬಿದ್ದಿದ್ದವು. ಅತ್ತೆ ಬಲಗೈಗೆ ಬಂದಾಗ ಅವಳು ಆ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ಬಾಗಿ ಕೂತಳು.

"ಈ ಕೈ ಕೊಡಾಂಗಿಲ್ಲ ಅತ್ತಿ."

"ಕಾಡೀ, ಕೊಡವಾ" ಎಂದಳು ತಾಯವ್ವ, ಬೇಡುವ ಹಾಗೆ.

"ಹೆಣದ ಮಾರಿ ನೋಡೂತನ ಕೊಡಾಂಗಿಲ್ಲ. ನೋಡಿಂದ ನಾನ ಒಡಕೋತೇನಿ."

"ಅರ್ಧಾ ಮುತ್ತೈದಿ ಅರ್ಧಾ ಮುಂಡಿ ಅಂತ ಯಾರರ ಇರತಾರೇನವಾ?" ಎಂದಳು ಮಾಯವ್ವ.

"ನಾ ಇರತೇನಿ" ಎಂದಳು ಕಾಡವ್ವ.

ಮರುದಿನ ಬೆಳಕು ಹರಿಯುವಾಗ ಅಕ್ಕ ತಮ್ಮ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದರು. ಟ್ರಂಕಿನ ಹಸಿರು ಪತ್ತಲ ಟ್ರಂಕಿನಲ್ಲೇ ಉಳಿಯಿತು. ಅವಳು ಕಬ್ಬಿನ ಹೊಲಕ್ಕೆ ಉಡುತ್ತಿದ್ದ ಹಳೆಯದರಲ್ಲೇ ಹೊರಟಿದ್ದಳು. ಎದುರು ಕೂತ ಹೆಂಗಸೊಬ್ಬಳು ಕಾಡವ್ವನ ಬಲಗೈ ನೋಡಿ, ಎಡಗೈ ನೋಡಿ, ತನ್ನ ಮಗುವನ್ನು ಆಚೆ ಬದಿಗೆ ಕೂರಿಸಿಕೊಂಡಳು. ಉದ್ದಪ್ಪ ಮಿರಜಿನವರೆಗೆ ಅತ್ತ. ಮಿರಜಿನಲ್ಲಿ ಬುತ್ತಿ ಬಿಚ್ಚಿ ಅಕ್ಕನ ಪಾಲಿನ ರೊಟ್ಟಿಯನ್ನೂ ಉಂಡು, ಆಮೇಲೆ ನಾಚಿಕೆಯಾಗಿ ಮತ್ತೆ ಅತ್ತ. ಕಾಡವ್ವ ಅಳಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಒಂದು ಕಲ್ಲು ಕೂತಿತ್ತು. 'ಹೋದ' ಎಂಬ ಮಾತನ್ನು ಅವಳು ನಾಲಿಗೆಯ ಮೇಲೆ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮುಂಬೈಗೆ ಹೋದ, ಕೆಲಸಕ್ಕೆ ಹೋದ. ಅದೇ ಹೋದ.

ಪುಣೆಯಲ್ಲಿ ಗಾಡಿ ಬದಲಿಸಿದರು. ಮುಂಬೈ ಗಾಡಿಯ ಮುಂದೆ ನಿಂತ ಇಂಜಿನ್ನಿಗೆ ಹೊಗೆ ಇರಲಿಲ್ಲ, ಬೆಂಕಿ ಇರಲಿಲ್ಲ, ಸೀಟಿಯ ಹೊರತು ಬೇರೆ ಉಸಿರೂ ಇರಲಿಲ್ಲ. ಮೇಲೆ ಕೈ ಎತ್ತಿ ತಂತಿಯನ್ನು ಹಿಡಿದುಕೊಂಡು ಸುಮ್ಮನೆ ನಿಂತಿತ್ತು. ಉದ್ದಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದ.

"ಅಕ್ಕಾ, ಮಾವನ್ನ ತಗೊಂಡದ್ದ ಇಂಥಾದ್ದ."

"ಹಂಗಾದ್ರ ಅದಕ್ಕ ದಾರಿ ಗೊತ್ತಿರತೈತಿ. ಹತ್ತ."

ಉದ್ದಪ್ಪ ಹತ್ತಿ, ಡಬ್ಬಿಯ ನಡುವೆ ಕಂಬಳಿ ಹಾಸಿ, ಅದರ ಮೇಲೆ ಕುಕ್ಕರುಗಾಲಿನಲ್ಲಿ ಕೂತ. "ಕಂಬಳ್ಯಾಗ ಕರೆಂಟ ಹಾಯೂದಿಲ್ಲಂತ" ಎಂದ. ಹಾಯ್ದು ಹೋಗುವವರೆಲ್ಲ ಅವನನ್ನು ದಾಟಿಕೊಂಡು, ಬೈದುಕೊಂಡು ಹೋದರು. ಕಾಡವ್ವ ಕಟ್ಟಿಗೆಯ ಬೆಂಚಿನ ಮೇಲೆ ಕಬ್ಬಿಣ ತಾಗದ ಹಾಗೆ ಮುದುಡಿ ಕೂತಳು. ಬಳೆಯಿದ್ದ ಬಲಗೈ ಸೆರಗಿನೊಳಗೆ ಇತ್ತು.

ಅವಳ ಮುಂದೆ ಒಂದು ಕೆಲಸವಿತ್ತು. ಕುರ್ಲಾಕ್ಕೆ ಹೋಗಿ ಹೆಣ ಕೇಳಬೇಕು. ಯಾರ ಹೆಣ ಎಂದರೆ ಹೆಸರು ಹೇಳಬೇಕು. ತಮ್ಮನಿಗೆ ಮರಾಠಿ ಬಾರದು, ಕಂಬಳಿ ಬಿಟ್ಟು ಏಳುವ ಧೈರ್ಯವೂ ಇಲ್ಲ. ತಾನೇ ಹೇಳಬೇಕು. ಲೋಣಾವಳಾ ದಾಟಿ ಗಾಡಿ ಗುಡ್ಡದ ಹೊಟ್ಟೆಯೊಳಗಿನ ಬೋಗದೆಗೆ ನುಗ್ಗಿತು. ಕತ್ತಲೆ, ಗದ್ದಲ. ಉದ್ದಪ್ಪ ಕೆಳಗಿನಿಂದ ಚೀರಿದ್ದೂ ಕೇಳಲಿಲ್ಲ. ಆ ಗದ್ದಲದಲ್ಲಿ ಕಾಡವ್ವ ಬಾಯಿ ತೆರೆದು ಗಂಡನ ಹೆಸರು ಹೇಳಿದಳು. ಮದುವೆಯಾದಾಗಿನಿಂದ ಅದೇ ಮೊದಲು. ಬೋಗದೆ ಮುಗಿದು ಬೆಳಕಾದಾಗ ಬಾಯಿ ಮುಚ್ಚಿದಳು. ಮುಂದಿನ ಬೋಗದೆಯಲ್ಲಿ ಮತ್ತೆ ಹೇಳಿದಳು. ಹಾಗೆ ಬೋಗದೆಗೊಮ್ಮೆ ಹೇಳಿ ಹೇಳಿ ಆ ಹೆಸರಿಗೆ ನಾಲಿಗೆ ಒಗ್ಗಿಸಿಕೊಂಡಳು.

ಠಾಣೆ ಬಂದಾಗ ಯಾರೋ ಅದರ ಹೆಸರು ಹೇಳಿದರು. ಕಾಡವ್ವ ಬೆಚ್ಚಿದಳು. ಜೋಳದ ಸಾಲಿನ ಕೊನೆಯ ಕಾಳದು. ಅಲ್ಲಿಂದ ಮುಂದೆ ಅವಳ ಹಾಡು ಹಿಂದುಮುಂದಾಗಿ ಬಿಚ್ಚಿಕೊಳ್ಳತೊಡಗಿತು. ಪಕ್ಕದ ಹಳಿಯ ಮೇಲೆ ಕರೆಂಟ್ ಗಾಡಿಗಳು ಬಾಗಿಲಿಗೆ ಮನುಷ್ಯರನ್ನು ಜೋತುಹಾಕಿಕೊಂಡು ಗುಡುಗಿ ಹೋದವು. ಇವುಗಳಲ್ಲಿ ಗಂಡನನ್ನು ತೆಗೆದುಕೊಂಡದ್ದು ಯಾವುದು ಎಂದು ಅವಳು ಒಂದೊಂದನ್ನೂ ನೋಡಿದಳು. ಕುರ್ಲಾ ಬಂತು. ಗಾಡಿ ನಿಲ್ಲಲಿಲ್ಲ.

"ಅಕ್ಕಾ, ಇದ ಅಲ್ಲೇನ? ಕುರ್ಲಾ ಅಂದ್ರಲ್ಲ. ಸರಪಳಿ ಜಗ್ಗತೇನಿ" ಎಂದು ಉದ್ದಪ್ಪ ಎದ್ದ. ಸರಪಳಿ ಕಬ್ಬಿಣದ್ದೆಂದು ನೆನಪಾಗಿ ಮತ್ತೆ ಕೂತ.

"ಬೋರಿಬಂದರ ಬರೂತನ ಯಾರ ಕೂಗಿದ್ರೂ ಇಳೀಬ್ಯಾಡ ಅಂತ ಹೇಳ್ಯಾರ" ಎಂದಳು ಕಾಡವ್ವ.

"ಯಾರ ಹೇಳ್ಯಾರ?"

ಹೇಳಿದವನು ಇಲ್ಲ ಎಂದ ಮಾತ್ರಕ್ಕೆ ಹೇಳಿದ ಮಾತನ್ನು ಮುರಿಯುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

ಬೋರಿಬಂದರದಲ್ಲಿ ಇಳಿದಾಗ ಮಂದಿ ಅವರನ್ನು ಹೊಳೆಯ ನೀರಿನ ಹಾಗೆ ನೂಕಿಕೊಂಡು ಹೋಯಿತು. ಮಂದಿ ತೆಳುವಾದ ಕಡೆ ಕಾಡವ್ವ ತಲೆ ಎತ್ತಿದಳು. ದೊಡ್ಡ ಗಡಿಯಾರ. ಅದರ ಕೆಳಗೆ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಕೈಯಲ್ಲಿ ಕಾಗದದ ಪೊಟ್ಟಣ ಹಿಡಿದು ಕರೆಪ್ಪ ನಿಂತಿದ್ದ.

ಅವಳು ಮುಖ ನೋಡಲಿಲ್ಲ. ಮೊದಲು ಕಾಲು ನೋಡಿದಳು. ದೆವ್ವದ ಹಿಮ್ಮಡಿ ಮುಂದಿರುತ್ತದೆ ಎಂದು ತಾಯವ್ವ ಹೇಳಿದ್ದು ಅವಳಿಗೆ ನೆನಪಿತ್ತು. ಬೆರಳುಗಳು ಅವಳ ಕಡೆಗೇ ಇದ್ದವು. ಚಪ್ಪಲಿ ಹಳೆಯದೇ, ಉಂಗುಷ್ಠ ಕಿತ್ತು ತಂತಿ ಬಿಗಿದಿದ್ದು.

ಹಿಂದೆ ಉದ್ದಪ್ಪನ ಹಲ್ಲು ಕಟಕಟ ಎನ್ನುತ್ತಿತ್ತು. "ಅಕ್ಕಾ, ಮಾತಾಡಸಬ್ಯಾಡ. ಮಾತಾಡಿಸಿದ್ರ ಬೆನ್ನ ಹತ್ತತೈತಿ."

ಗಡಿಯಾರದ ಕೆಳಗಿನವನು ಕೈ ಬೀಸಿದ. "ಏ ಕಾಡೀ, ಮುಂಜಾನಿಂದ ನಿಂತೇನಿ. ಎಷ್ಟ ತಡಾ ಮಾಡತಾವಲ್ಲ ಈ ಪುಣೆ ಗಾಡಿ."

ಬೋಗದೆಯಲ್ಲಿ ಒಗ್ಗಿಸಿಕೊಂಡದ್ದು ಆಗ ಹೊರಗೆ ಬಿತ್ತು. ಅಷ್ಟು ಮಂದಿಯ ನಡುವೆ ಕಾಡವ್ವ ಗಟ್ಟಿಯಾಗಿ ಅಂದಳು: "ಕರೆಪ್ಪಾ."

ಕರೆಪ್ಪನ ಕೈ ಮೇಲೆಯೇ ನಿಂತಿತು. ಹೆಂಡತಿ ತನ್ನ ಹೆಸರು ಹಿಡಿದು ಕೂಗಿದ್ದು ಅವನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. "ಏನಂದಿ?" ಎನ್ನುತ್ತ ಹತ್ತಿರ ಬಂದವನು ಅವಳ ಎಡಗೈ ನೋಡಿದ. ಗಾಯ ನೋಡಿದ. ಸೆರಗಿನಿಂದ ಹೊರಬಂದ ಬಲಗೈಯ ಬಳೆ ನೋಡಿದ. "ಯಾರ ಹೋದ್ರು ಕಾಡಿ? ಅವ್ವ ಆರಾಮ ಅದಾಳಿಲ್ಲ?"

"ನೀವ ಹೋಗೀರಿ" ಎಂದಳು ಕಾಡವ್ವ. ಅಷ್ಟು ಹೇಳಿ ಅಲ್ಲೇ ಪ್ಲಾಟಫಾರ್ಮಿನ ನೆಲದ ಮೇಲೆ ಕೂತುಬಿಟ್ಟಳು.

ಮಾತಿನ ಗಂಟು ಬಿಡಿಸಲು ಹೊತ್ತು ಹಿಡಿಯಿತು. ಕರೆಪ್ಪ ಲಕ್ಕಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದು ಇಷ್ಟು: 'ಕರೆಂಟಿನ ಹಳೇ ಗಾಡಿ ಹೋಗತಾವ, ಈ ಐತವಾರ ಕಡೀದು, ಲಗೂನ ಬಾ.' ಹುಕ್ಕೇರಿಯಿಂದ ಯಮಕನಮರಡಿಗೆ ಬರುವಾಗ ಅದರಿಂದ ಹಳೆಯದು ಉದುರಿತು, ಐತವಾರ ಉದುರಿತು. ಮೂಡಲಗಿಯ ಪ್ಯಾಟೆಯಲ್ಲಿ, ಬೆಲ್ಲದ ಪೆಂಟೆ ಎತ್ತಿಹಾಕುವ ಸಪ್ಪಳದಲ್ಲಿ, 'ಕರೆಪ್ಪ, ಕರೆಂಟ್ ಗಾಡಿ, ಹೋಗತಾವ, ಲಗೂನ ಬಾ' ಎಂಬುದಷ್ಟೇ ಉದ್ದಪ್ಪನ ಕಿವಿಗೆ ಬಿತ್ತು. ಉಳಿದದ್ದನ್ನು ಅವನ ಗಾಬರಿ ಕೂಡಿಸಿಕೊಂಡಿತು.

"ಗಾಡಿ ಹೋಗತಾವ ಅಂದ್ರ ನಾ ಹೆಂಗ ಹೋದೆನೋ ಉದ್ದ್ಯಾ?"

"ಗಾಡಿ ದಿನಾ ಹೋಗತಾವ ಮಾವ" ಎಂದ ಉದ್ದಪ್ಪ, ಅಳುತ್ತ. "ಗಾಡಿ ಹೋಗತಾವಂತ ಯಾರರ ಇನ್ನೂರ ಹರದಾರಿಯಿಂದ ಹೇಳಿ ಕಳಸ್ತಾರೇನ? ಮನಷ್ಯಾ ಹೋದ್ರ ಹೇಳಿ ಕಳಸೂದು."

ಕರೆಪ್ಪ ಪೊಟ್ಟಣದ ಶೇಂಗಾ ಹೆಂಡತಿಯ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ. "ನಾ ಸತ್ತದ್ದು ನನಗ ಯಾರೂ ಹೇಳಲಿಲ್ಲ ನೋಡ ಕಾಡಿ" ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ಅವನ ತೋಳನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ನೋಡಿದಳು. ಹಸಿಹಸಿ ಸತ್ತವನನ್ನು ಅಷ್ಟು ಬೇಗ ಬದುಕಿಸಿಕೊಳ್ಳಲು ಅವಳಿಂದ ಆಗಲಿಲ್ಲ. ಬಳೆ ಅಂಗಡಿ ಇಲ್ಲೇ ಇದೆ, ಕೈ ತುಂಬಿಸಿಕೊಂಡು ಹೋಗೋಣ ಎಂದ. "ಇಲ್ಲೆ ಬ್ಯಾಡ" ಎಂದಳು.

"ಮತ್ತೆಲ್ಲಿ?"

"ಒಡದಲ್ಲಿ."

ಆ ರಾತ್ರಿ ಕುರ್ಲಾದಲ್ಲಿ ಖೋಲಿಯ ಹೊರಗೆ, ಚಾಳಿನ ಕಟಾಂಜನದ ಪಡಸಾಲೆಯಲ್ಲಿ ಅಕ್ಕ ತಮ್ಮ ಮಲಗಿದರು. ನಾಳೆ ಐತವಾರದ ಗಾಡಿ ಬೇಡ, ಊರಿಗೆ ಹೋಗಿಬಿಡೋಣ ಎಂದು ಕರೆಪ್ಪನೇ ಹೇಳಿದ್ದ. ಬೆಳಿಗ್ಗೆ ಅವನು ಎದ್ದು ಬರುವಾಗ ಕಾಡವ್ವ ಮುಖ ತೊಳೆದು, ಸೆರಗು ಬಿಗಿದು ನಿಂತಿದ್ದಳು.

"ನಡೀರಿ. ಇಷ್ಟ ಆದಮ್ಯಾಲ ಅದನ್ನ ನೋಡದ ಹೋಗೂದ ಹೆಂಗ?"

ಬೋರಿಬಂದರದಿಂದಲೇ 'ಲೆಕ್ಕದಂತೆ' ಹತ್ತಬೇಕೆಂದು ಅವಳ ಹಟ. ಹೊಸ ಗಾಡಿಗಳನ್ನು ಬಿಟ್ಟು ಬಿಟ್ಟು ಕಡೆಗೆ ಹಳೆಯದೊಂದು ಬಂತು. ಬಣ್ಣ ಮಾಸಿತ್ತು, ಬಾಗಿಲು ಅಗಲ, ಒಳಗೆ ಕಟ್ಟಿಗೆಯ ಬೆಂಚು. ಕರೆಪ್ಪ ಗೋಡೆಗೆ ಅಂಗೈ ಹಚ್ಚಿ ಎಮ್ಮೆಯ ಮೈ ಸವರಿದ ಹಾಗೆ ಸವರಿದ. ಹತ್ತುವಲ್ಲಿ ಕಬ್ಬಿಣದ ಕಂಬವಿತ್ತು. ಹಿಡಿಯದೆ ಹತ್ತುವಂತಿಲ್ಲ. ಕಾಡವ್ವ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈ ಮುಂದೆ ಮಾಡಿದಳು. "ಇದು ಹೆಂಗೂ ಸತ್ತ ಕೈ" ಎಂದು ಕಂಬ ಹಿಡಿದಳು.

ಕಂಬ ತಣ್ಣಗಿತ್ತು. ಏನೂ ಆಗಲಿಲ್ಲ.

ಬೆಂಚಿನ ಮೇಲೆ ಕಚ್ಚೆ ಸೀರೆಯ ಮರಾಠಿ ಹೆಂಗಸೊಬ್ಬಳು ಮೀನಿನ ಬುಟ್ಟಿ ಕಾಲ ಬಳಿ ಸರಿಸಿ ಜಾಗ ಮಾಡಿದಳು. "ಬಸ ಬಾಯಿ, ಬಸ" ಎಂದು ಸೆರಗು ಹಿಡಿದು ಕೂರಿಸಿದಳು. ಕಾಡವ್ವ ಅಂಚಿಗೆ ಕೂತಳು. ಅವಳ ಕಾಲು ತಾನಾಗಿ ಹೊರಗಡೆಗೆ ತಿರುಗಿತ್ತು, ಚಕ್ಕಡಿಯಲ್ಲಿ ಕೂತ ಹಾಗೆ. ಆ ಹೆಂಗಸು ಮತ್ತೊಮ್ಮೆ ಎಳೆದು ಒತ್ತಿಗೆ ಕೂರಿಸಿಕೊಂಡು, ಎಡಗೈಯ ಗಾಯ ತಿರುಗಿಸಿ ನೋಡಿ, "ಅಗಾಯಿ" ಎಂದು ಊದಿದಳು. ಯಾವ ಊರು ಎಂದು ಕೇಳಿದಳು. ಯಾರ ಪೈಕಿ ಎಂದು ಕೇಳಲೇ ಇಲ್ಲ. ಕಾಡವ್ವನಿಗೆ ಕರೆಂಟ್ ಹೊಡೆದದ್ದಾದರೆ ಅದು ಆಗಲೇ. ತೊಡೆಗೆ ತೊಡೆ ತಾಗಿಕೊಂಡಿತ್ತು, ಸರಿಯೋಣವೆಂದರೆ ಆ ಕಡೆಗೂ ಇನ್ನೊಬ್ಬರ ತೊಡೆ. ಗಾಡಿ ಗುಡುಗಿ ಎದ್ದಿತು. ಗುಂಡಿಗೆಯಲ್ಲಿ ಬೀಸಿದಂತಾಯಿತು, ಗಂಡ ಹೇಳಿದ ಹಾಗೆಯೇ. ಗೋಕಾಕ ರೋಡಿನಿಂದ ತಡೆದುಕೊಂಡಿದ್ದ ಅಳು ಆಗ ಬಂತು. ಮೀನಿನ ಹೆಂಗಸು ಅವಳ ಬೆನ್ನು ತಟ್ಟುತ್ತ ಕರೆಪ್ಪನನ್ನು ಮರಾಠಿಯಲ್ಲಿ ಬೈದಳು. ಹೆಂಡತಿಯನ್ನು ಹೊಡೆದು ಬಳೆ ಒಡೆದವನು ಇವನೇ ಎಂದು ತಿಳಿದಿದ್ದಳು. ಕರೆಪ್ಪ ಬಾಯಿ ಮುಚ್ಚಿಕೊಂಡು ಬೈಸಿಕೊಂಡ.

ಅತ್ತು ಮುಗಿಸಿ ಅವಳು ಹೇಳತೊಡಗಿದಳು. ಮಸ್ಜೀದ. ಗಾಡಿ ನಿಂತಿತು. ಸ್ಯಾಂಡರೋಡ. ನಿಂತಿತು. ಅವಳು ಹೇಳಿದ ಹೆಸರಿಗೆಲ್ಲ ಊರು ಬಂದು ನಿಲ್ಲುತ್ತಿತ್ತು. ಚಿಂಚಪೋಕಳಿ ದಾಟಿತು.

"ಈಗ ಬರೂದ ಯಾವುದ ಹೇಳ" ಎಂದ ಕರೆಪ್ಪ.

"ಅವರ ರೋಡ."

"ನಿನ್ನೆ ಗಡ್ಯಾಳದ ಕೆಳಗ ಒದರಿದೆಲ್ಲ?"

"ಅದು ಸತ್ತವರ ಹೆಸರು. ಬದುಕಿದವರದು ಹೇಳಬಾರದು."

ಠಾಣೆ ಮುಟ್ಟಿ ಹೊಳ್ಳಿ ಬಂದರು, ಬಂದರದ ಲೈನಿಗೂ ಹೋದರು. ಮಧ್ಯಾಹ್ನದ ಹೊತ್ತಿಗೆ ಉದ್ದಪ್ಪ ಕಂಬಳಿ ಮಡಿಚಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಗಾಳಿ ಕುಡಿಯುತ್ತಿದ್ದ. ಸಮುದ್ರ ಮಾತ್ರ ನೋಡಲಾಗಲಿಲ್ಲ. ಸಂಜೆಯ ಗಾಡಿಗೆ ಊರಿಗೆ ಹೊರಡಬೇಕೆಂದು ಕಾಡವ್ವ ಪಟ್ಟು ಹಿಡಿದಳು. "ಅಲ್ಲಿ ಅತ್ತಿ ಮಗನ್ನ ಅಳಾಕತ್ತಾಳ" ಎಂದಳು.

ಕೊಣ್ಣೂರಿನ ಓಣಿಗೆ ಮೂವರೂ ಕಾಲಿಟ್ಟಾಗ ಮಾಯವ್ವ ಕೊಡ ಬಿಟ್ಟು ಓಡಿದಳು. ತಾಯವ್ವ ಕಟ್ಟೆಯ ಮೇಲೆ ಕೂತಿದ್ದಳು. ಮಗನನ್ನು ನೋಡಿದಳು. ಅವನ ಕಾಲು ನೋಡಿದಳು. ಕರೆಪ್ಪ, "ಅವ್ವಾ, ನಾನ" ಎಂದು ಮುಂದೆ ಬಂದು ಕಾಲು ಹಿಡಿದ. ಅವಳು ಅವನ ತಲೆ, ಕೆನ್ನೆ, ಹೆಗಲು ಎಲ್ಲ ತಡವಿದಳು. ತಡವುತ್ತಿದ್ದ ಹಾಗೆಯೇ ಅವಳ ಕಣ್ಣು ಸೊಸೆಯ ಬರಿಗೈಗೆ ಹೋಯಿತು. ತನ್ನ ಕೈ ಎತ್ತಿ ನೋಡಿಕೊಂಡಳು. ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಮಗ ಬದುಕಿರುವಾಗಲೇ ಅವನ ಹೆಂಡತಿಯ ಬಳೆ ಒಡೆದ ತಾಯಿ. ಆ ಮಾತನ್ನು ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ, ಆದರೆ ತಾಯವ್ವ ಎರಡು ದಿನ ಅನ್ನ ಮುಟ್ಟಲಿಲ್ಲ. "ಸತ್ತಾನಂತ ಸುದ್ದಿ ಎದ್ರ ಆಯುಷ್ಯ ಹೆಚ್ಚತೈತಿ ಅವ್ವ" ಎಂದು ಮಗ ಹೇಳಿದ. "ಸುದ್ದಿ ಎದ್ರ ಹೆಚ್ಚತೈತಿ. ಬಳಿ ಒಡದ್ರ?" ಎಂದಳು.

ಕಾಡವ್ವ ಬಳೆಗಾರ ಹೊಳೆಪ್ಪನನ್ನು ಕರೆಸಿದಳು. ಟ್ರಂಕಿನ ಹಸಿರು ಪತ್ತಲ ಉಟ್ಟು ಕಟ್ಟೆಯ ಮೇಲೆ, ಅದೇ ಕಲ್ಲಿನ ಮುಂದೆ ಕೂತಳು. ಹೆಂಗಸರು ನೆರೆದರು. ಹೊಳೆಪ್ಪ ಕೈಗೆ ಎಣ್ಣೆ ಸವರಿಕೊಂಡು, "ಕೊಡವಾ ಕೈ" ಎಂದ.

"ನೀ ಅಲ್ಲ. ಅತ್ತಿ ಬರ್ಲಿ."

ಹೊಳೆಪ್ಪನ ಕೈಯಲ್ಲಿದ್ದ ಬಳೆಯ ಮಾಲೆ ಜಾರಿತು. ಮಾಯವ್ವ ಬಾಯಿಗೆ ಸೆರಗು ಹಿಡಿದಳು. ಗಂಡ ಸತ್ತವಳು ಮುತ್ತೈದೆಗೆ ಬಳೆ ಇಡಿಸುವುದನ್ನು ಆ ಓಣಿ ಕಂಡಿರಲಿಲ್ಲ, ಕೇಳಿರಲಿಲ್ಲ.

"ಹುಚ್ಚೇನ ನಿನಗ?" ಎಂದಳು ತಾಯವ್ವ ಒಳಗಿನಿಂದ. "ನನ್ನ ಕೈಲೆ ಬಳಿ? ನನ್ನ ಕೈ ಎಂಥಾದ್ದಂತ ಗೊತ್ತಿಲ್ಲೇನ?"

"ಗೊತ್ತೈತಿ ಅತ್ತಿ. ಅವರು ಬದುಕಿದ್ದಾಗ ಒಡದ ಕೈ ಅದು. ಅವರು ಬದುಕಿದ್ದಾಗನ ಇಡಬೇಕು. ಬ್ಯಾರೆ ಯಾರ ಇಟ್ರೂ ನಾ ಇದನ್ನ ಬಳಿ ಅನ್ನಾಂಗಿಲ್ಲ. ಅರ್ಧಾ ಮುತ್ತೈದಿ ಅಂತ ಊರ ಅಂತೈತಿ, ಹಂಗ ಇರತೇನಿ."

ಹೊಳೆಪ್ಪ ಜಾರಿದ ಮಾಲೆ ಎತ್ತಿಕೊಂಡ. ಆಮೇಲೆ ತಾಯವ್ವ ಹೊರಗೆ ಬಂದಳು. ಯಾರ ಮುಖವನ್ನೂ ನೋಡದೆ ಸೊಸೆಯ ಮುಂದೆ ಕೂತು, ಹೊಳೆಪ್ಪನ ಕಡೆ ಅಂಗೈ ಚಾಚಿದಳು. ಹೊಳೆಪ್ಪ ಒಂದು ಬಳೆ ಅವಳ ಅಂಗೈಯಲ್ಲಿ ಇಟ್ಟ, ಬಿಸಿ ಕೆಂಡ ಇಟ್ಟ ಹಾಗೆ, ತಟ್ಟನೆ ಕೈ ಹಿಂದೆ ತೆಗೆದ.

ತಾಯವ್ವ ಸೊಸೆಯ ಎಡಗೈ ಹಿಡಿದಳು. ಮೊದಲ ಬಳೆ ಗೆಣ್ಣಿಗೆ ಬಂದು ನಿಂತಿತು.

"ಕೈ ಸಡಲ ಬಿಡವಾ. ಬಿಗಿ ಹಿಡದ್ರ ಒಡೀತೈತಿ."

ಕಾಡವ್ವ ಕೈ ಸಡಿಲ ಬಿಟ್ಟಳು. ಗಾಯ ಇನ್ನೂ ಹಸಿಯಾಗಿತ್ತು. ನೋವು ನುಂಗಿಕೊಳ್ಳಲು, ಬೀಸುಕಲ್ಲಿನ ಮುಂದೆ ಹೇಳುತ್ತಿದ್ದ ಹಾಗೆ, ಮೆಲುದನಿಯಲ್ಲಿ ಹೇಳಿಕೊಂಡಳು. ಮಸ್ಜೀದ. ಬಳೆ ಇಳಿಯಿತು. ಸ್ಯಾಂಡರೋಡ. ಇನ್ನೊಂದು. ಭಾಯಖಳಾ. ಚಿಂಚಪೋಕಳಿ. ಮುಂದಿನದಕ್ಕೆ ಅವಳ ನಾಲಿಗೆ ಎಂದಿನಂತೆ ತಡೆಯಿತು.

ತಾಯವ್ವ ತಲೆ ಎತ್ತಲಿಲ್ಲ. ಬಳೆಯನ್ನು ಗೆಣ್ಣಿನ ಮೇಲೆ ಮೆಲ್ಲಗೆ ಒತ್ತುತ್ತ, ಅಷ್ಟು ವರ್ಷ ಮೂಲೆಯಿಂದ ಕೇಳಿಸಿಕೊಂಡಿದ್ದ ಹೆಸರನ್ನು ತಾನೇ ಹೇಳಿದಳು.

"ಕರಿರೋಡ."